ದುಬೈನ ಕೊನೇ ದಿನ: ಟ್ಯಾಂಗ್ ಡಬ್ಬಿಯ ಸೀಲ್ ಒಡೆದಿದ್ದು ಸರೀನಾ, ತಪ್ಪಾ?

ಪೀಣ್ಯ ಚಿಲ್ಲರ್

ಹತ್ತೊಂಬತ್ತು ದಿನದ ಕೆಲಸ ಮುಗಿಸಿ ದುಬೈನಿಂದ ಬಂದು ಇವತ್ತಿಗೆ ಒಂದು ವಾರ. ಸೂಟ್‌ಕೇಸ್ ಇನ್ನೂ ಪೂರ್ತಿ ಖಾಲಿ ಮಾಡಿಲ್ಲ. ಕೊನೇ ದಿನ ನಡೆದಿದ್ದೊಂದು ತಲೆ ಕೊರೀತಾ ಇದೆ. ಮನೇಲಿ ಹೇಳಿದರೆ "ನೀನು ಮಾಡಿದ್ದೇ ಸರಿ ಬಿಡು" ಅಂತ ಒಂದೇ ಮಾತಿಗೆ ಮುಗಿಸಿಬಿಟ್ರು. ಅದಕ್ಕೇ ಇಲ್ಲಿ ಬರೀತಿದ್ದೀನಿ. ಉದ್ದ ಆಗತ್ತೆ, ಮೊದಲೇ ಹೇಳ್ತೀನಿ.

ನನ್ನದು ಚಿಲ್ಲರ್ ಸರ್ವಿಸ್ ಕೆಲಸ. ದೊಡ್ಡ ಕಟ್ಟಡಗಳಲ್ಲಿ ನೀರನ್ನ ತಣ್ಣಗೆ ಮಾಡಿ ಮಹಡಿ ಮಹಡಿಗೆ ಕಳಿಸೋ ಮಷೀನು ಇರತ್ತಲ್ಲ, ಅದು. ದುಬೈನ ಅಲ್ ಕೂಜ್ ಏರಿಯಾದ ಒಂದು ಗೋದಾಮಿನ ತಾರಸಿ ಮೇಲೆ ಎರಡು ಮಷೀನು, ಎರಡೂ ಮಧ್ಯಾಹ್ನ ಆಗ್ತಿದ್ದಂಗೆ ಹೈ ಪ್ರೆಷರ್ ಅಂತ ಟ್ರಿಪ್, ಅಂದ್ರೆ ತಾನಾಗೇ ನಿಂತುಬಿಡೋದು. 46 ಡಿಗ್ರಿ ಗಾಳಿಗೆ ಅಂತ ಆರಿಸಿದ ಮಷೀನು. ಮೊಬೈಲಲ್ಲಿ ಊರಿನ ಬಿಸಿ 44 ಅಂತ ತೋರಿಸ್ತಿದ್ರೆ ತಾರಸಿ ಮೇಲೆ ಕಾಯಿಲ್ (ಬಿಸಿ ಹೊರಗೆ ಬಿಡೋ ಪೈಪಿನ ಸಾಲು) ಪಕ್ಕ ನನ್ನ ಮೀಟರು 53 ತೋರಿಸ್ತಿತ್ತು. ಮಷೀನು ಬಿಸಿಗಾಳೀನ ಮೇಲಕ್ಕೆ ಉಗುಳತ್ತೆ. ಸುತ್ತ ಎತ್ತರದ ಗೋಡೆ. ಗಾಳಿಗೆ ಹೋಗೋಕೆ ದಾರಿ ಇಲ್ಲದೆ ಅದೇ ಬಿಸಿ ಸುತ್ತಿ ಬಂದು ಮತ್ತೆ ಕಾಯಿಲ್ ಒಳಗೆ. ಸಾಲದ್ದಕ್ಕೆ ಕಾಯಿಲಿನ ತೆಳು ತಗಡಿನ ಫಿನ್ ತುಂಬಾ ಮರಳು ಧೂಳು, ಬೆರಳಲ್ಲಿ ಒತ್ತಿದರೆ ಅಚ್ಚು ಬೀಳೋಷ್ಟು. ಕಾಯಿಲ್ ತೊಳೆದು, ಫ್ಯಾನಿನ ಸುತ್ತ ತಗಡಿನ ಕೊರಳು ಎತ್ತರಿಸಿ, ಬಿಸಿಗಾಳಿ ಗೋಡೆ ದಾಟಿ ಹೋಗೋ ಹಾಗೆ ಮಾಡಿದ್ವಿ. ಹದಿನೇಳನೇ ದಿನ ಮಧ್ಯಾಹ್ನ ಎರಡು ಗಂಟೆಗೆ ಎರಡೂ ಮಷೀನು ಓಡ್ತಾ ಇತ್ತು. ಆ ಖುಷಿ ಈ ಕೆಲಸದವರಿಗೆ ಮಾತ್ರ ಗೊತ್ತು.

ಓಡ್ತಾ ಇತ್ತು ಅಂತ ಕೆಳಗೆ ಪ್ಯಾನೆಲ್ ರೂಮಿನಲ್ಲಿ ಕೂತು ನೋಡಿದ್ದು. ಯಾಕಂದ್ರೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಅಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸೋ ಹಾಗಿಲ್ಲ, ಕಾನೂನು. ಹಾಗಾಗಿ ಬೆಳಗ್ಗೆ ನಾಲ್ಕೂವರೆಗೇ ತಾರಸಿ ಹತ್ತುತ್ತಿದ್ವಿ. ಆ ಹೊತ್ತಲ್ಲಿ ಬಿಸಿಲು ಇಲ್ಲ, ಆದ್ರೆ ಸಮುದ್ರದ ತೇವ. ಏಸಿ ರೂಮಿಂದ ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕ ಪೂರ್ತಿ ಬೆಳ್ಳಗೆ. ಮೊದಲ ದಿನ ಕಣ್ಣಿಗೇ ಏನೋ ಆಯ್ತು ಅಂದ್ಕೊಂಡು ಅಲ್ಲೇ ನಿಂತುಬಿಟ್ಟಿದ್ದೆ.

ನನಗೆ ಹೆಲ್ಪರ್ ಅಂತ ಕೊಟ್ಟಿದ್ದು ಒಬ್ಬ ಬೀದರ್ ಕಡೆಯವನನ್ನ, ಹುಮನಾಬಾದ್ ತಾಲೂಕು. ಹೆಸರು ಬೇಡ. ಎರಡು ದಿನ ಇಬ್ರೂ ಹಿಂದೀಲೇ ಮಾತಾಡಿದ್ವಿ. ಮೂರನೇ ದಿನ ಪೈಪ್ ಕೈಗೆ ತಗುಲಿ ಸುಟ್ಟಾಗ ಅವನ ಬಾಯಿಂದ "ಎವ್ವಾ, ಏನ್ ಧಗಿ ಅದಪ್ಪೋ" ಅಂತ ಬಂತು. ಆಮೇಲೆ ಹಿಂದಿ ಮುಗೀತು. ಊರಿಗೆ ಹೋಗಿ ಮೂರು ವರ್ಷ ಆಗಿದೆ ಅವನು. ಸೋನಾಪುರದಲ್ಲಿ ಕೆಲಸಗಾರರ ಕ್ಯಾಂಪಲ್ಲಿ ಒಂದು ರೂಮಿಗೆ ಎಂಟು ಜನ. ಕೆಲಸದಲ್ಲಿ ಚೂಟಿ, ನಾನು ಕೈ ಚಾಚಿದ್ರೆ ಬೇಕಾದ ಸ್ಪ್ಯಾನರ್ ಕೈಯಲ್ಲಿ ಇರ್ತಿತ್ತು, ನಂಬರ್ ಹೇಳಬೇಕಾಗಿರಲಿಲ್ಲ.

ಕೊನೇ ದಿನ ಭಾನುವಾರ. ಪೇಪರ್‌ಗೆಲ್ಲಾ ಶನಿವಾರವೇ ಸೈನ್ ಆಗಿತ್ತು. ಫ್ಲೈಟು ರಾತ್ರಿ ಒಂದೂವರೆಗೆ, ಹೋಟೆಲ್ ಖಾಲಿ ಮಾಡಬೇಕಾದ್ದು ಹನ್ನೆರಡಕ್ಕೆ. ಏರ್‌ಪೋರ್ಟಿಗೆ ಹೊರಡೋವರೆಗೆ ಹತ್ತು ಗಂಟೆ, ಆಗಸ್ಟ್ ಬಿಸಿಲಲ್ಲಿ, ಮನೆ ಇಲ್ಲದ ಮನುಷ್ಯ. ಬ್ಯಾಗು ಹೋಟೆಲಲ್ಲೇ ಇಟ್ಟು ಮೆಟ್ರೋ ಹತ್ತಿದೆ. (ಒಳಗೆ ಏನಾದ್ರೂ ತಿಂದ್ರೆ ಕುಡಿದ್ರೆ 100 ದಿರ್ಹಮ್ ದಂಡ ಅಂತ ಬೋರ್ಡು. ಬಾಟ್ಲಿ ಕೈಯಲ್ಲಿ ಹಿಡ್ಕೊಂಡು ಬಾಯಾರಿಕೊಂಡು ಕೂತಿದ್ದೆ.) ಅಲ್ ಫಹೀದಿ ಅನ್ನೋ ಹಳೇ ಪೇಟೆಗೆ ಹೋದೆ. ನೂರು ನೂರಿಪ್ಪತ್ತು ವರ್ಷದ ಹಿಂದೆ ಇರಾನಿನ ಬಸ್ತಕ್ ಊರಿಂದ ಬಂದ ವ್ಯಾಪಾರಿಗಳು ಕಟ್ಟಿದ ಮನೆಗಳು. ಮನೆ ಮೇಲೆ ಚೌಕದ ಗೋಪುರ, ಬರ್ಜೀಲ್ ಅಂತಾರೆ. ನಾಲ್ಕೂ ಕಡೆ ತೆರೆದಿರತ್ತೆ, ಒಳಗೆ ಮೂಲೆಯಿಂದ ಮೂಲೆಗೆ ಕತ್ತರಿ ಆಕಾರದಲ್ಲಿ ಅಡ್ಡಗೋಡೆ. ಯಾವ ಕಡೆಯಿಂದ ಗಾಳಿ ಬಂದ್ರೂ ಒಂದು ಪಾಲಿನಲ್ಲಿ ಕೆಳಗಿಳಿಯತ್ತೆ, ಎದುರಿನ ಪಾಲಿನಲ್ಲಿ ಒಳಗಿನ ಬಿಸಿ ಮೇಲಕ್ಕೆ ಹೋಗತ್ತೆ. ಒಳಗೆ ಬರೋ ಗಾಳಿ, ಹೊರಗೆ ಹೋಗೋ ಗಾಳಿ ಒಂದಕ್ಕೊಂದು ಸೇರಬಾರದು, ಅಷ್ಟೇ ಲೆಕ್ಕ. ನಾನು ಹದಿನೇಳು ದಿನ ತಗಡು ಬಡಿದು ಮಾಡಿದ್ದೂ ಅದನ್ನೇ! ಅದರ ಕೆಳಗೆ ನಿಂತು ಮೇಲೆ ನೋಡ್ತಾ ಕಾಲು ಗಂಟೆ ಕಳೆದೆ. ತಣ್ಣಗೇನೂ ಇರಲಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಬೆವರಿನ ಮೇಲೆ ಗಾಳಿ ಆಡೋದು ಗೊತ್ತಾಗ್ತಿತ್ತು.

ಆಮೇಲೆ ಅಬ್ರಾ. ಮರದ ದೋಣಿ, ಒಂದು ದಿರ್ಹಮ್, ಕ್ರೀಕ್ (ಊರೊಳಗೆ ಬಂದಿರೋ ಸಮುದ್ರದ ಹಿನ್ನೀರು) ದಾಟಿಸಿ ದೇರಾ ದಡಕ್ಕೆ ಬಿಡ್ತಾರೆ. ಅಲ್ಲಿ ಗೋಲ್ಡ್ ಸೂಕ್ ಅನ್ನೋ ಚಿನ್ನದ ಪೇಟೇಲಿ ಮಗಳಿಗೆ ಒಂದು ಜೊತೆ ಪುಟ್ಟ ಓಲೆ ತಗೊಂಡೆ. ಅದನ್ನ ಇಲ್ಲಿ ಎಳೆಯೋಲ್ಲ.

ವಿಷಯ ಇದು. ನಮ್ಮ ಹೆಲ್ಪರ್‌ಗೆ ಭಾನುವಾರ ರಜೆ. ಸಂಜೆ ಐದಕ್ಕೆ ಸಬ್ಖಾ ಬಸ್ ಸ್ಟಾಂಡ್ ಹತ್ತಿರ ಸಿಗ್ತೀನಿ, ಊರಿಗೆ ಒಂದು ಸಣ್ಣ ಪಾರ್ಸಲ್ ಅದ ಅಂದಿದ್ದ. ಒಪ್ಪಿಕೊಂಡಿದ್ದೆ. ಹೊರಡೋ ಮುಂಚೆ ನಮ್ಮ ಆಫೀಸಲ್ಲಿ ಒಬ್ರು ಸಾವಿರ ಸಲ ಹೇಳಿದ್ರು: ಯಾರೇ ಏನೇ ಕೊಟ್ರೂ ತಗೋಬೇಡ, ತಗೊಂಡ್ರೆ ಬಿಚ್ಚಿ ನೋಡು.

ಒಂದು ಮಲಯಾಳಿ ಕೆಫೆಟೇರಿಯಾದಲ್ಲಿ ಕೂತ್ವಿ. ಕರಕ್ ಚಾ ಬಂತು. ಅವನ ಹತ್ರ ಕಂದು ಟೇಪು ಸುತ್ತಿದ ಒಂದು ರಟ್ಟಿನ ಪೆಟ್ಟಿಗೆ. ನಾನು ಬಾಯಿ ತೆಗೆಯೋ ಮೊದಲೇ ಅವನು, "ಸಾಹೇಬ್ರ, ನೀವು ಬಿಚ್ಚಬ್ಯಾಡ್ರಿ, ನಾನೇ ಬಿಚ್ಚಿ ತೋರಸ್ತೀನಿ" ಅಂತ ಬ್ಲೇಡ್ ತೆಗೆದ. ಇನ್ನೊಂದು ಕೈಯಲ್ಲಿ, ಬಳೆ ಥರ, ಟೇಪಿನ ರೋಲ್ ಹಾಕ್ಕೊಂಡು ಬಂದಿದ್ದ. ವಾಪಸ್ ಸುತ್ತೋಕೆ.

ಟ್ಯಾಂಗ್, ಅದೇ ಕಿತ್ತಳೆ ಶರಬತ್ತಿನ ಪುಡಿ, ಎರಡು ಡಬ್ಬಿ. ನಿಡೋ ಹಾಲಿನ ಪುಡಿ ಒಂದು ಟಿನ್ನು. ಕೊಡಲಿ ಮಾರ್ಕಿನ ಎಣ್ಣೆ ಆರು ಬಾಟ್ಲಿ, ಟೈಗರ್ ಬಾಮ್, ಬಾದಾಮಿ, ಖರ್ಜೂರ. ಮತ್ತೆ ಮಗಳಿಗೆ ಒಂದು ಜೊತೆ ಬೂಟು, ನಡೆದ್ರೆ ಹಿಮ್ಮಡೀಲಿ ಲೈಟ್ ಹತ್ತೋದು. ಸೈಜು ಹೇಗೆ ಗೊತ್ತಾಯ್ತು ಅಂದೆ. ಮೊಬೈಲ್ ತೋರಿಸಿದ: ಒಂದು ಪುಟ್ಟ ಪಾದ, ಪಕ್ಕದಲ್ಲಿ ಸ್ಕೂಲಿನ ಸ್ಕೇಲು, ಹದಿನಾರು ಸೆಂಟಿಮೀಟರಿನ ಗೆರೆ ಹತ್ರ ಹೆಬ್ಬೆರಳು.

ಇಷ್ಟು ನೋಡಿದ ಮೇಲೂ ನಾನು ಏನು ಮಾಡಿದೆ ಅಂದ್ರೆ, ಬೂಟು ಬಗ್ಗಿಸಿ ನೋಡಿದೆ. ಒಳಗಿನ ಅಟ್ಟೆ ಎಳೆದು ತೆಗೆದು ಬೆರಳಾಡಿಸಿದೆ. ಆಮೇಲೆ ಟ್ಯಾಂಗ್ ಡಬ್ಬಿ ಮುಚ್ಚಳ ತೆಗೆದು, ಬೆಳ್ಳಿ ಬಣ್ಣದ ಸೀಲಿಗೆ ಜೇಬಲ್ಲಿದ್ದ ಟೆಸ್ಟರ್ ಚುಚ್ಚಿದೆ. ಕಿತ್ತಳೆ ಪುಡಿ ಟೇಬಲ್ ಮೇಲೆ ಚೆಲ್ತು. ಒಳಗೆ ತಳದವರೆಗೆ ಟೆಸ್ಟರ್ ಆಡಿಸಿದೆ. ಪುಡಿ ಬಿಟ್ರೆ ಏನೂ ಇಲ್ಲ. ಅಷ್ಟೊತ್ತಿಗೆ ನನಗೇ ಒಂಥರಾ ಆಗಿ ಎರಡನೇ ಡಬ್ಬಿ ಮುಟ್ಟಲಿಲ್ಲ.

ಅವನು ಬೇಜಾರು ಮಾಡ್ಕೊಂಡ ಹಾಗೆ ಕಾಣಲಿಲ್ಲ. "ಬರೋಬರ್ ಅದ ಸಾಹೇಬ್ರ, ನೋಡ್ಕೊಂಡೇ ಒಯ್ಬೇಕು" ಅಂದ. ಎಲ್ಲಾ ವಾಪಸ್ ಜೋಡಿಸಿದ, ಆದ್ರೆ ಚುಚ್ಚಿದ ಡಬ್ಬೀನ ಮಾತ್ರ ಪಕ್ಕಕ್ಕಿಟ್ಟ. "ಒಡದಿದ್ದು ಊರಿಗಿ ಕಳಸೋದು ಛಂದ ಕಾಣಲ್ರಿ" ಅಂತ ಹೇಳಿ, ಕೆಫೆಟೇರಿಯಾದವನ ಹತ್ರ ಐಸ್ ನೀರು ಎರಡು ಗ್ಲಾಸು ಕೇಳಿ, ಅದರಲ್ಲೇ ಟ್ಯಾಂಗ್ ಕದಡಿ ಒಂದು ನನ್ನ ಮುಂದೆ ಇಟ್ಟ.

ಕುಡಿದೆ. ಸಿಹಿ ಜಾಸ್ತಿ ಆಗಿತ್ತು.

ನಾನು ಮಾಡಿದ್ದು ಸರೀನಾ?

ಹಳೇ ಶಾರ್ಜಾ

ನೂರಕ್ಕೆ ನೂರು ಸರಿ ಮಾರಾಯ್ರೆ. ತಲೆ ಬಿಸಿ ಮಾಡ್ಬೇಡಿ. ಹದಿನೆಂಟು ವರ್ಷ ಶಾರ್ಜಾದಲ್ಲಿ ಇದ್ದವ ನಾನು, ಊರು ಬೈಂದೂರು ಹತ್ರ. ನಮ್ಮಲ್ಲಿ ಸ್ವಂತ ಅಣ್ಣತಮ್ಮಂದಿರ ಪಾರ್ಸಲ್ಲೂ ಬಿಚ್ಚಿಯೇ ತಕೊಂಡು ಹೋಗುವುದು. ಕೊಡುವವ ತಾನೇ ಬ್ಲೇಡು ತಂದ ಅಂದ್ರೆ ಅವನಿಗೆ ಈ ಕ್ರಮ ಗೊತ್ತುಂಟು ಅಂತ ಅರ್ಥ. ಟೇಪು ತಂದದ್ದೂ ಅದಕ್ಕೇ.

ಚಿನ್ನ ಸಾಗಿಸುವವರು ಈಗ ಬಿಸ್ಕೆಟ್ ಇಡುವುದಿಲ್ಲ. ಪೇಸ್ಟ್ ಮಾಡ್ತಾರೆ, ತಂತಿ ಎಳೆದು ಟ್ರಾಲಿ ಹಿಡಿಕೆಯೊಳಗೆ ಹಾಕ್ತಾರೆ, ಪುಡಿ ಮಾಡಿ ಬೇರೆ ಪುಡಿಗೆ ಬೆರೆಸ್ತಾರೆ. ಬಜ್ಪೆ ಏರ್‌ಪೋರ್ಟಿನಲ್ಲಿ ಹಿಡಿದ ಸುದ್ದಿ ಎಷ್ಟು ಓದಿಲ್ಲ ನಾವು? ಚೆಕ್‌ಇನ್ ಕೌಂಟರಿನಲ್ಲಿ "ಬೇರೆ ಯಾರಾದ್ರೂ ಏನಾದ್ರೂ ಕೊಟ್ಟಿದ್ದಾರಾ" ಅಂತ ಕೇಳುವುದು ಸುಮ್ಮನೆ ಅಲ್ಲ. ಸಿಕ್ಕಿಬಿದ್ದಾಗ "ನಂಗೆ ಗೊತ್ತಿರಲಿಲ್ಲ ಸಾರ್" ಅಂದ್ರೆ ಬ್ಯಾಗು ಯಾರದ್ದು ಅಂತ ಕೇಳ್ತಾರೆ, ಅಷ್ಟೆ.

ಭೀಮಾ ತೀರ

ನಾ ಕಲಬುರ್ಗಿ ಜಿಲ್ಲಾದಾಂವ. ನಮ್ಮ ಸ್ವಾದರಮಾವ ಹನ್ನೆರಡು ವರ್ಷ ಅಲ್ಲೇ ಕ್ಯಾಂಪಿನಾಗ ಅದಾನ. ಹಳೇ ಶಾರ್ಜಾ ಅವ್ರು ಹೇಳೋದು ಖರೇ ಅದ, ಬಿಚ್ಚಿ ನೋಡೋದು ರಿವಾಜ್. ಅದರಾಗ ನನ್ದೇನೂ ತಕರಾರಿಲ್ಲ.

ನನ್ನ ತಕರಾರು ಬ್ಯಾರೆ ಅದ. ಹತ್ತೊಂಬತ್ತು ದಿನ ನಿಮ್ಮ ಸಂಗಾಟ ಬಿಸಲಾಗ ಸುಟಗೊಂಡಾಂವ. ಅವ ಕೊಟ್ಟ ಸ್ಪ್ಯಾನರ್ ನಂಬರ್ ನೋಡದs ಹಚ್ಚಿದ್ರಿ. ಟ್ಯಾಂಗ್ ಡಬ್ಬಿ ಮಾತ್ರ ತಳತನಕ ಚುಚ್ಚಿ ನೋಡಿದ್ರಿ. ಚುಚ್ಚಿದ್ರಿ, ಆತು. ಮತ್ತ ಎರಡನೇದ್ದು ಯಾಕ ಬಿಟ್ರಿ? ಮಾಲು ಇಡಾಂವ ಎರಡನೇದ್ರಾಗೂ ಇಡಬಹುದಿತ್ತಲ್ಲ? ಪರೀಕ್ಷಾನೂ ಪೂರಾ ಮಾಡಲಿಲ್ಲ, ನಂಬಾಕೂ ಪೂರಾ ನಂಬಲಿಲ್ಲ. ಎರಡೂ ಅರ್ಧಾ ಮಾಡಿ ನಡಕ ನಿಂತ್ರಿ. ನಿಮಗ ಕೊರೀಲಿಕತ್ತಿದ್ದು ಅದs ಇರಬೇಕು, ನೋಡ್ರಿ.

ಪೀಣ್ಯ ಚಿಲ್ಲರ್

@ಭೀಮಾ ತೀರ, ಇದನ್ನ ಓದಿ ಮೊಬೈಲ್ ಕೆಳಗಿಟ್ಟೆ. ಉತ್ತರ ಇಲ್ಲ ನನ್ನ ಹತ್ರ. ಏರ್‌ಪೋರ್ಟಲ್ಲಿ ಬೆಲ್ಟ್ ಮೇಲೆ ಬ್ಯಾಗು ಹೋಗುವಾಗ ಆ ಎರಡನೇ ಡಬ್ಬಿಯ ನೆನಪಾಗಿ ಕೈ ಬೆವತಿತ್ತು, ನಿಜ ಹೇಳ್ತೀನಿ.

ಕರಾಮಾದ ಅಕ್ಕ

ಚರ್ಚೆ ಜೋರಾಗಿದೆ, ನಡುವೆ ಎರಡು ಉಪಯೋಗದ ಮಾತು ಹೇಳಿಬಿಡ್ತೀನಿ. ಕೆಲಸಕ್ಕೆ ಅಂತ ಎರಡು ಮೂರು ವಾರಕ್ಕೆ ಬರೋ ನಮ್ಮ ಹುಡುಗರು ಪ್ರತಿ ಸಲ ಇದೇ ತಪ್ಪು ಮಾಡ್ತಾರೆ.

ಓಲೆ ತಗೊಂಡೆ ಅಂದ್ರಲ್ಲ ತಮ್ಮಾ, ಬಿಲ್ ಜೋಪಾನ. ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ ಸುಂಕ ಇಲ್ಲ ಅಂತ ಎಲ್ರೂ ಬಾಯಿಪಾಠ ಹೇಳ್ತಾರೆ. ಅದು ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ಇದ್ದು ವಾಪಸ್ ಹೋಗೋರಿಗೆ. ಹತ್ತೊಂಬತ್ತು ದಿನಕ್ಕೆ ಬಂದೋರಿಗೆ ಆ ರಿಯಾಯ್ತಿ ಇಲ್ಲ. ಅಂಗಡಿಯವನು ಇದನ್ನ ಹೇಳಲ್ಲ, ಅವನಿಗೇನು.

ಆಮೇಲೆ ವ್ಯಾಟ್. 2018ರ ಜನವರಿಯಿಂದ ಇಲ್ಲಿ 5 ಪರ್ಸೆಂಟ್ ಇದೆ. ಪ್ರವಾಸಿಗಳಿಗೆ ಅದರಲ್ಲಿ 87 ಪರ್ಸೆಂಟ್ ವಾಪಸ್ ಸಿಗತ್ತೆ, ಬಿಲ್ಲಿಗೆ 4 ದಿರ್ಹಮ್ 80 ಫಿಲ್ಸ್ ಹಿಡ್ಕೋತಾರೆ. ಕಡಿಮೆ ಅಂದ್ರೆ 250 ದಿರ್ಹಮ್ ಖರೀದಿ ಇರಬೇಕು, ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿರಬೇಕು. ಮುಖ್ಯ ಏನಂದ್ರೆ, ಏರ್‌ಪೋರ್ಟಲ್ಲಿ ಬ್ಯಾಗು ಕೊಡೋಕ್ಕೆ ಮುಂಚೆ ವ್ಯಾಟ್ ವಾಪಸ್ ಕೊಡೋ ಕೌಂಟರಿಗೆ ಹೋಗಬೇಕು. ಬ್ಯಾಗು ಒಳಗೆ ಹೋದ ಮೇಲೆ ಸಾಮಾನು ತೋರಿಸು ಅಂದ್ರೆ ಏನು ತೋರಿಸ್ತೀರಿ?

ಮತ್ತೆ ಬೇಸಿಗೆಯಲ್ಲಿ ಸ್ನಾನ. ತಣ್ಣೀರು ನಲ್ಲಿ ತಿರುಗಿಸಿದ್ರೆ ಕುದಿಯೋ ನೀರು ಬರತ್ತೆ, ಟ್ಯಾಂಕು ತಾರಸಿ ಮೇಲಲ್ವಾ. ನಾವು ಮೇ ತಿಂಗಳು ಬಂದ ಕೂಡಲೇ ಗೀಸರ್ ಸ್ವಿಚ್ ಆಫ್ ಮಾಡಿ ಬಿಸಿನೀರಿನ ನಲ್ಲೀಲಿ ಸ್ನಾನ ಮಾಡ್ತೀವಿ. ಗೀಸರಿನ ನೀರು ಏಸಿ ಮನೆಯೊಳಗೆ ಕೂತು ತಣ್ಣಗಾಗಿರತ್ತೆ. ಹೊಸಬರಿಗೆ ಹೇಳಿದ್ರೆ ನಗ್ತಾರೆ, ಎರಡನೇ ದಿನದಿಂದ ಅವರೂ ಅದೇ.

ಪಾರ್ಸಲ್ ವಿಷಯಕ್ಕೆ ಆಮೇಲೆ ಬರ್ತೀನಿ, ಕುಕ್ಕರ್ ಕೂಗ್ತಿದೆ.

ಟರ್ಮಿನಲ್ ತಪ್ಪಿದವ

ಮೆಟ್ರೋ ಅಂದ್ರಲ್ಲ, ಒಂದು ಎಚ್ಚರಿಕೆ. ಮೆಟ್ರೋ ಹೋಗೋದು ಟರ್ಮಿನಲ್ 1, 3ಕ್ಕೆ. ನನ್ನ ಟಿಕೆಟ್ ಟರ್ಮಿನಲ್ 2. ಅದು ರನ್‌ವೇ ಆ ಕಡೆ ದಡದಲ್ಲಿದೆ. ನಾನು ರಾತ್ರಿ ಹತ್ತಕ್ಕೆ ಟರ್ಮಿನಲ್ 1ರಲ್ಲಿ ಇಳಿದು, ಎರಡು ಬ್ಯಾಗು ಎಳೆದು, ಬೋರ್ಡಲ್ಲಿ ನನ್ನ ಫ್ಲೈಟು ಹುಡುಕಿ ಹುಡುಕಿ... ಪೂರಾ ಊರು ಸುತ್ತಿ ಟ್ಯಾಕ್ಸೀಲಿ ಹೋಗಬೇಕಾಯ್ತು. ಟಿಕೆಟ್ಟಿನ ಆ ಒಂದು ಅಂಕಿ ಓದಿ ದಯವಿಟ್ಟು.

ಮಳೇಲಿ ಸಿಕ್ಕವ

ಕೊನೇ ದಿನದ ಕತೆ ಅಂದ್ರೆ ನನ್ನದು ಕೇಳಿ. ನನ್ನ ಕೊನೇ ದಿನ 2024ರ ಏಪ್ರಿಲ್ 16. ಗೊತ್ತಾಯ್ತಲ್ಲ? ಅಲ್ ಐನ್ ಕಡೆ ಒಂದು ಕಡೆ ಒಂದೇ ದಿನಕ್ಕೆ 254 ಮಿಲಿಮೀಟರ್ ಮಳೆ ಬಿತ್ತು. ನಮ್ಮ ಆಗುಂಬೆಯವರಿಗೆ ಅದೇನು ಮಹಾ ಅನ್ಸಬಹುದು. ಆದ್ರೆ ಆಗುಂಬೆಯಲ್ಲಿ ನೀರು ಹರಿದು ಹೋಗೋಕೆ ಹಳ್ಳ ಇದೆ. ಅಲ್ಲಿ ರಸ್ತೇನೇ ಹಳ್ಳ. ವಿಮಾನ ನೀರಲ್ಲಿ ದೋಣಿ ಥರ ಹೋಗೋ ವಿಡಿಯೋ ನೀವೆಲ್ಲ ನೋಡಿರ್ತೀರಿ, ನಾನು ಕಿಟಕಿಯಿಂದ ನೋಡಿದೆ. ಎರಡು ರಾತ್ರಿ ಏರ್‌ಪೋರ್ಟ್ ನೆಲದ ಮೇಲೆ. ಊರಿಗೆ ಅಂತ ತಗೊಂಡಿದ್ದ ಖರ್ಜೂರ, ಚಾಕೊಲೇಟ್ ಪೂರ್ತಿ ಅಕ್ಕಪಕ್ಕದವರೆಲ್ಲ ಸೇರಿ ತಿಂದು ಮುಗಿಸಿದ್ವಿ. ಬರಿಗೈಲಿ ಮನೆಗೆ ಹೋದೆ.

ಗಸಗಸೆ ಪಾಯಸ

ಪಾರ್ಸಲ್ಲು ಬರೋದಕ್ಕಿಂತ ಹೋಗೋದು ಇನ್ನೂ ಅಪಾಯ, ಅದನ್ನ ಯಾರೂ ಹೇಳ್ತಿಲ್ಲ. ನಾನು ಹೊರಡೋ ಹಿಂದಿನ ದಿನ ಪಕ್ಕದ ಮನೆಯವರು ತಮ್ಮ ಮಗಳಿಗೆ ಅಂತ ಒಂದು ಚೀಲ ಕೊಟ್ರು. ಹಪ್ಪಳ, ಸಂಡಿಗೆ, ಚಟ್ನಿಪುಡಿ. ತಳದಲ್ಲಿ ಒಂದು ಪೊಟ್ಟಣ ಗಸಗಸೆ. ಮೊಮ್ಮಗನ ಹುಟ್ಟುಹಬ್ಬಕ್ಕೆ ಪಾಯಸ ಮಾಡ್ಲಿ ಅಂತ ಪಾಪ ಅವರ ಆಸೆ. ಯುಎಇಯಲ್ಲಿ ಗಸಗಸೆ ನಿಷಿದ್ಧ, ಅಫೀಮಿನ ಗಿಡದ್ದು ಅಂತ. ಮಾದಕ ವಸ್ತುವಿನ ಲೆಕ್ಕಕ್ಕೇ ಹಾಕ್ತಾರೆ. ಎಷ್ಟೋ ಮಾತ್ರೆಗಳೂ ಹಾಗೇ, ನೋವಿನದ್ದು, ಕೆಮ್ಮಿನ ಸಿರಪ್ಪು, ಮೊದಲೇ ಅನುಮತಿ ನೋಡ್ಕೋಬೇಕು. ನಾನು ತೆಗೆದಿಟ್ಟು ಬಂದೆ. "ಬರೀ ಅಷ್ಟು ತೂಕ ಭಾರ ಆಯ್ತಾ ನಿಂಗೆ" ಅಂತ ಆಯಮ್ಮ ಈಗಲೂ ನನ್ನ ಕಂಡ್ರೆ ಮುಖ ತಿರುಗಿಸ್ತಾರೆ.

ಬಿಚ್ಚಿದ್ದು ಸರಿ ಅನ್ನೋದಕ್ಕೆ ನನ್ನ ಓಟು.

ಕುಂದಾಪ್ರದ ಅಜ್ಜಯ್ಯ

ನನಗೆ ಎಪ್ಪತ್ತು ದಾಟಿತು. ನನ್ನ ಅಪ್ಪಯ್ಯ ದುಬೈಗೆ ಹೋದದ್ದು ಹಡಗಿನಲ್ಲಿ. ಕುಂದಾಪುರದಿಂದ ಮುಂಬೈ, ಮುಂಬೈಯಿಂದ ಕೊಲ್ಲಿಯ ಬಂದರುಗಳನ್ನು ಮುಟ್ಟುತ್ತಾ ಹೋಗುವ ಸ್ಟೀಮರು. ಆ ಸಾಲಿನಲ್ಲಿ ಕಡೆಯದ್ದು ದ್ವಾರಕಾ ಅಂತ, 1982ರವರೆಗೂ ಓಡಿತು. ಅಪ್ಪಯ್ಯ ಮೊದಲ ಸಲ ಹೋದಾಗ ಅಲ್ಲಿ ನಡೆಯುತ್ತಿದ್ದದ್ದು ನಮ್ಮದೇ ರೂಪಾಯಿ. ಚಿನ್ನದ ಕಳ್ಳಸಾಗಣೆ ಹೆಚ್ಚಾಯಿತು ಅಂತ 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆ ಅಂತಲೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. 1966ರಲ್ಲಿ ರೂಪಾಯಿ ಬೆಲೆ ಇಳಿಸಿದ ಮೇಲೆ ಅವರು ನಮ್ಮ ನೋಟು ಬಿಟ್ಟರು. ಹಾಗಾಗಿ ಚಿನ್ನ, ಅನುಮಾನ, ಪೆಟ್ಟಿಗೆ ಬಿಚ್ಚುವುದು, ಇದು ಯಾವುದೂ ನಿಮ್ಮ ಕಾಲದ್ದಲ್ಲ ಮಕ್ಕಳೇ.

ಅಪ್ಪಯ್ಯ ಊರಿಗೆ ಬಂದರೆ ಪೆಟ್ಟಿಗೆಯಲ್ಲಿ ಅರ್ಧ ಬೇರೆಯವರದ್ದು. ಒಂದೊಂದು ಗಂಟಿಗೂ ಒಂದು ಚೀಟಿ. ಮಾರನೇ ದಿನ ಬೆಳಗ್ಗೆ ಕೊಡೆ ಹಿಡಿದು ಹೊರಟರೆ ನಾನೂ ಹಿಂದೆ. ಮನೆ ಮನೆಗೆ ಹೋಗಿ ಗಂಟು ಕೊಡುವುದು. ಗಂಟಿನ ಮೇಲೆ ಯಾರೂ ಕಣ್ಣು ಹಾಯಿಸುತ್ತಿರಲಿಲ್ಲ ಆ ಹೊತ್ತಿಗೆ. ಅಪ್ಪಯ್ಯನನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, "ನಮ್ಮವ ಹೇಗಿದ್ದಾನೆ" ಅಂತ ಕೇಳುವುದು. ಒಂದು ಮನೆಯಲ್ಲಿ ಮಧ್ಯಾಹ್ನದ ಊಟದವರೆಗೂ ಬಿಡಲಿಲ್ಲ. ಹೇಳಿದ್ದನ್ನೇ ನಾಲ್ಕು ಸಲ ಹೇಳಿಸಿಕೊಂಡರು.

ಕರಾಮಾದ ಅಕ್ಕ

ಅಜ್ಜಯ್ಯ, ನಾನು ಹೇಳಬೇಕು ಅಂತಿದ್ದಿದ್ದು ಇದನ್ನೇ.

ಇಲ್ಲಿ ಕಾರ್ಗೋದವರು ಗಲ್ಲಿಗೊಬ್ಬರು ಇದ್ದಾರೆ. ಮನೆ ಬಾಗಿಲಿಗೆ ತಲುಪಿಸ್ತಾರೆ, ಕೆ.ಜಿ. ಲೆಕ್ಕ. ಹಡಗಿನಲ್ಲಾದ್ರೆ ನಿಧಾನ, ವಿಮಾನದಲ್ಲಾದ್ರೆ ಬೇಗ. ಟ್ಯಾಂಗು, ಹಾಲಿನ ಪುಡಿ ಈಗ ಬೀದರಲ್ಲೂ ಸಿಗತ್ತೆ, ಹಣ ಕಳಿಸಿದ್ರೆ ಅವರೇ ತಗೋತಾರೆ. ಇದೆಲ್ಲಾ ಆ ಹುಡುಗನಿಗೆ ಗೊತ್ತಿಲ್ಲ ಅಂದ್ಕೊಂಡ್ರಾ? ನಾಲ್ಕು ಕೆ.ಜಿ. ಸಾಮಾನಿಗೆ ಒಬ್ಬ ಮನುಷ್ಯನನ್ನ ಹುಡುಕ್ತಾನೆ ಅಂದ್ರೆ, ತನ್ನ ಜೊತೆ ಹತ್ತೊಂಬತ್ತು ದಿನ ಇದ್ದೋನು ಮನೆಯವರ ಎದುರು ನಿಂತು ಮಾತಾಡಲಿ ಅಂತ.

ಚಿಲ್ಲರ್ ತಮ್ಮಾ, ಪಾರ್ಸಲ್ ಹೇಗೆ ತಲುಪಿಸಿದೆ? ಬಸ್ಸಿಗೆ ಹಾಕಿದೆಯಾ?

ಪೀಣ್ಯ ಚಿಲ್ಲರ್

ಹಾಕೋಣ ಅಂತಲೇ ಇದ್ದೆ ಅಕ್ಕ. ಬೀದರ್ ಬಸ್ಸಿನ ಪಾರ್ಸಲ್ ಆಫೀಸು ಎಲ್ಲಿ ಅಂತಲೂ ವಿಚಾರಿಸಿದ್ದೆ. ಅಷ್ಟರಲ್ಲಿ ಅವನ ತಮ್ಮನೇ ಫೋನ್ ಮಾಡಿದ. ಯಲಹಂಕದಲ್ಲಿ ಟೈಲ್ಸ್ ಕೆಲಸ ಮಾಡ್ತಾನಂತೆ, ಹಬ್ಬಕ್ಕೆ ಊರಿಗೆ ಹೊರಟಿದ್ದ. ಜಾಲಹಳ್ಳಿ ಕ್ರಾಸ್ ಹತ್ರ ಬಂದ. ನಾನು ಗಾಡಿ ಸ್ಟ್ಯಾಂಡ್ ಕೂಡ ಹಾಕದೆ, ಪೆಟ್ಟಿಗೆ ಕೊಟ್ಟು ಹೊರಡೋ ಅಂದಾಜಲ್ಲಿದ್ದೆ.

ಅವನು ಪೆಟ್ಟಿಗೇನ ಕಂಕುಳಲ್ಲಿ ಇಟ್ಕೊಂಡು, "ಅಣ್ಣ ಸೊರಗ್ಯಾನೇನ್ರಿ?" ಅಂದ. ಇಲ್ಲ ಚೆನ್ನಾಗಿದ್ದಾನೆ ಅಂದೆ. "ವಿಡಿಯೋ ಕಾಲಿನಾಗ ಯಾವಾಗ್ಲೂ ಟೊಪಗಿ ಹಾಕ್ಕೊಂಡೇ ಇರ್ತಾನ್ರಿ. ಕೂದ್ಲ ಉದ್ರಿಲ್ಲಲ್ಲ?" ನಾನು ನಿಜ ಹೇಳಿದೆ, ಮುಂದೆ ಸ್ವಲ್ಪ ಉದುರಿದೆ. ಅಲ್ಲಿಯ ನೀರಿಗೆ ಎಲ್ರಿಗೂ ಹಾಗೇ ಅಂತಾರೆ, ನನಗೂ ಕಿತ್ತು ಬರ್ತಿತ್ತು ಅಂದೆ. ಅವನಿಗೆ ನಗು ಬಂತು. "ನಮ್ಮವ್ವಗ ಹೇಳಲ್ರಿ" ಅಂದ. ಆಮೇಲೆ ಊಟಕ್ಕೆ ಏನು ಮಾಡ್ತಾನೆ, ಮೇಸ್ತ್ರಿ ಬೈತಾನಾ, ಬಿಸಿಲಲ್ಲಿ ನೀರು ಕೊಡ್ತಾರಾ... ಗಾಡಿ ಸ್ಟ್ಯಾಂಡ್ ಹಾಕಿದೆ. ಮುಕ್ಕಾಲು ಗಂಟೆ ನಿಂತಿದ್ವಿ, ಬಸ್ಸಿನ ಹೊಗೆ ಕುಡ್ಕೊಂಡು.

ಟ್ಯಾಂಗ್ ವಿಷಯ ಬಾಯಿಗೆ ಬಂತು, ಹೇಳಲಿಲ್ಲ.

ಭೀಮಾ ತೀರ

ನಿಂತ್ರಲ್ಲ, ಛಲೋ ಮಾಡಿದ್ರಿ. ಮ್ಯಾಲಿನ ಮಾತು ಸ್ವಲ್ಪ ಖಾರ ಆಗಿತ್ತು ನನ್ದು, ಮನಸಿನಾಗ ಇಟ್ಕೋಬ್ಯಾಡ್ರಿ.

ಆದ್ರ ಟ್ಯಾಂಗಿನ ಮಾತು ನಾ ವಾಪಸ್ ತಗೊಳ್ಳಲ್ಲ.

ಹಳೇ ಶಾರ್ಜಾ

ವಾಪಸ್ ತಕೊಳ್ಳುವುದು ಬೇಡ. ಆದರೆ ಮುಂದಿನ ಸಲ ಹೋಗುವವರು ಓದ್ತಾರೆ, ಅವರಿಗೆ ಬೇಕಾಗಿ ಹೇಳ್ತೇನೆ. ಸೀಲ್ ಇದ್ದ ಡಬ್ಬಿ ಯಾರಾದ್ರೂ ಕೊಡ್ತೇನೆ ಅಂದ್ರೆ, "ಡಬ್ಬಿ ಬೇಡ, ಒಟ್ಟಿಗೆ ಅಂಗಡಿಗೆ ಹೋಗುವ" ಅನ್ನಿ. ನಿಮ್ಮ ಎದುರೇ ಶೆಲ್ಫಿನಿಂದ ತೆಗೆದದ್ದನ್ನ ನೀವೇ ಬ್ಯಾಗಿಗೆ ಹಾಕಿಕೊಳ್ಳಿ. ದುಡ್ಡು ಅವನೇ ಕೊಡ್ಲಿ. ಚುಚ್ಚುವ ಕೆಲಸವೇ ಇಲ್ಲ. ನಾನು ಕೊನೆಗೆ ಹಾಗೆಯೇ ಮಾಡ್ತಿದ್ದದ್ದು. ಮೊದಲ ಹತ್ತು ವರ್ಷ ನಾನೂ ಚುಚ್ಚಿದವನೇ.

ಪೀಣ್ಯ ಚಿಲ್ಲರ್

ಇದು ಮೊದಲೇ ಗೊತ್ತಿದ್ರೆ! ಸಬ್ಖಾದಲ್ಲಿ ನಾವು ಕೂತಿದ್ದ ಕೆಫೆಟೇರಿಯಾ ಎದುರಿಗೇ ಕಿರಾಣಿ ಅಂಗಡಿ ಇತ್ತು, ಬಾಗಿಲಲ್ಲೇ ಟ್ಯಾಂಗ್ ಪೇರಿಸಿಟ್ಟಿದ್ರು.

ಎಲ್ರಿಗೂ ಧನ್ಯವಾದ. ಒಂದು ಸುದ್ದಿ ಹೇಳಿ ನಿಲ್ಲಿಸ್ತೀನಿ. ಇವತ್ತು ಬೆಳಗ್ಗೆ ಅವನಿಂದ ವಾಟ್ಸಾಪಲ್ಲಿ ವಿಡಿಯೋ ಬಂತು. ಮಗಳು ಬೂಟು ಹಾಕ್ಕೊಂಡು ಅಂಗಳದಲ್ಲಿ ಕುಣೀತಿದ್ದಾಳೆ, ಹಿಮ್ಮಡಿ ಲೈಟು ಹತ್ತುತ್ತಿದೆ. ಅದರ ಕೆಳಗೇ ಅವನ ವಾಯ್ಸ್ ಮೆಸೇಜು. ಮೊದಲ ದಿನ ಹುಡುಗಿ ಕಾಲು ಚುಚ್ಚತ್ತೆ ಅಂತ ಅತ್ತು ಬೂಟು ಬಿಸಾಕಿದ್ಲಂತೆ. ಅವನ ತಮ್ಮ ಬಿಚ್ಚಿ ನೋಡಿದ್ರೆ ಒಳಗಿನ ಅಟ್ಟೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತಂತೆ. ನಾನು ಕಿತ್ತು ವಾಪಸ್ ತುರುಕಿದ್ದು.

ಮೆಸೇಜ್ ತುಂಬಾ ನಗು. "ಸಾಹೇಬ್ರ, ಅಷ್ಟು ದೊಡ್ಡ ಚಿಲ್ಲರ್ ಬಿಚ್ಚಿ ಕೂಡಸ್ತೀರಿ, ಕೂಸಿನ ಬೂಟು ಕೂಡ್ಸಾಕ ಬರಲಿಲ್ಲೇನ್ರಿ?"